ತೊಟ್ಟಿಲ ಕೆಳಗಿನ ಹಾಜರಿ

ನಮ್ಮ ಕೊಪ್ಪಳದ ಕಡೆ ಹಾಜರಿ ಕರೆಯುವಾಗ ಸರ್ "ಗವಿಸಿದ್ದಪ್ಪ" ಅಂದರೆ ಒಮ್ಮೊಮ್ಮೆ ಎರಡು ಮೂಲೆಯಿಂದ "ಹಾಜರ್ರೀ" ಅಂತ ದನಿ ಬರುತ್ತದೆ. ಗವಿಮಠದ ಅಜ್ಜನ ಹೆಸರು ಎಷ್ಟೋ ಮನೆಗಳಲ್ಲಿದೆ. ಗಂಗಾವತಿಗೆ ಅಂಜನಾದ್ರಿ ಬೆಟ್ಟ ಹತ್ತಿರ, ಅಲ್ಲಿ ಹನುಮಂತಂದಿರು. ಆಗ ಸರ್ ಅಡ್ಡಹೆಸರು ಹಿಡಿದು ಕರೆಯುತ್ತಾರೆ, ಅಲ್ಲವೇ? ಪುಟ್ಟ ಚಿಪ್‌ಗಳಿಗೂ ಇದೇ ತೊಡಕು ಬರುತ್ತದೆ ಮಕ್ಕಳೇ.

ಕಿನ್ನಾಳದ ಬಣ್ಣದ ತೊಟ್ಟಿಲಲ್ಲಿ ನಿಮ್ಮ ತಮ್ಮ ಮಲಗಿದ್ದಾನೆ. ತೊಟ್ಟಿಲು ಅಲುಗಿದಾಗಲೆಲ್ಲ ಹೊತ್ತು ಬರೆದಿಡುವ ಸಾಧನ ಮಾಡೋಣ. ಅಲುಗಾಟ ತಿಳಿಯಲು ಎಂಪಿಯು6050 ಚಿಪ್, ಗಡಿಯಾರಕ್ಕೆ ಡಿಎಸ್3231 ಚಿಪ್, ಇವನ್ನು ಮಾತಾಡಿಸಲು ಒಂದು ಆರ್ಡುಯಿನೊ ಬೋರ್ಡು. ಕರೆಂಟಿನ ತಂತಿ ಬಿಟ್ಟರೆ ಮಾತಿಗೆ ಬೇಕಾದದ್ದು ಎರಡೇ ತಂತಿ. ಒಂದು ತಾಳ ಹಾಕುತ್ತದೆ, ಇನ್ನೊಂದು ಮಾತು ಒಯ್ಯುತ್ತದೆ. 1982ರಲ್ಲಿ ಫಿಲಿಪ್ಸ್ ಕಂಪನಿ ಕಟ್ಟಿದ ಈ ಏರ್ಪಾಟಿಗೆ ಐ-ಟು-ಸಿ ಬಸ್ ಎಂದು ಹೆಸರು. ನೀವು ಕುಷ್ಟಗಿಗೋ ಯಲಬುರ್ಗಾಕ್ಕೋ ಹತ್ತುವ ಬಸ್ಸಿನದೂ ಇದೇ ಪದ: ಲ್ಯಾಟಿನ್ನಿನ 'ಆಮ್ನಿಬಸ್', ಅಂದರೆ 'ಎಲ್ಲರಿಗೂ'.

ಬೋರ್ಡು ಒಂದು ಸಂಖ್ಯೆ ಕೂಗುತ್ತದೆ. ಗಡಿಯಾರದ ಸಂಖ್ಯೆ 104; ಸೊನ್ನೆ-ಒಂದರಲ್ಲಿ ಬರೆದರೆ 1101000. ಏಳು ತಾಳಕ್ಕೆ ಏಳು ಅಂಕಿ. ಎಂಟನೆಯ ತಾಳದಲ್ಲಿ 'ನಾನು ಹೇಳಲೋ, ನೀನು ಹೇಳುತ್ತೀಯೋ' ಎಂಬುದು ತೀರ್ಮಾನ. ಒಂಬತ್ತನೆಯದಕ್ಕೆ ಬೋರ್ಡು ಸುಮ್ಮನಾಗಿ ಕಾಯುತ್ತದೆ. ಕೂಗು ಎಲ್ಲ ಚಿಪ್‌ಗಳಿಗೂ ಕೇಳಿಸಿರುತ್ತದೆ, ಆದರೆ ಆ ಸಂಖ್ಯೆಯದು ಮಾತ್ರ ಮಾತಿನ ತಂತಿಯನ್ನು ಸೊನ್ನೆಗೆ ಜಗ್ಗುತ್ತದೆ. ಅದೇ ಅದರ "ಹಾಜರ್ರೀ".

ಈಗ ನೋಡಿ, ಎಂಪಿಯು6050ರ ಸಂಖ್ಯೆಯೂ 104! ಎರಡೂ ಒಟ್ಟಿಗೆ ಜಗ್ಗುತ್ತವೆ, ಬೋರ್ಡಿಗೆ ಒಂದೇ ಎನಿಸುತ್ತದೆ. ಆಮೇಲೆ ಉತ್ತರವೂ ಕಲಸಿಹೋಗುತ್ತದೆ. ಏಕೆಂದರೆ ಈ ತಂತಿಯನ್ನು 'ಒಂದು' ಎಂಬ ಸ್ಥಿತಿಯಲ್ಲಿ ಎತ್ತಿ ಹಿಡಿದಿರುವುದು ಒಂದು ರೆಸಿಸ್ಟರ್. ಚಿಪ್‌ಗಳು ಅದನ್ನು ಕೆಳಗೆ ಜಗ್ಗಬಲ್ಲವು, ಇಲ್ಲವೇ ಬಿಟ್ಟುಕೊಡಬಲ್ಲವು, ಅಷ್ಟೇ. ಒಂದು 0101 ಎಂದು, ಇನ್ನೊಂದು 0011 ಎಂದರೆ ಬೋರ್ಡಿಗೆ ಸಿಗುವುದು 0001. ಎರಡರಲ್ಲಿ ಯಾವುದೂ ಹೇಳದ ಮಾತು! ಇದನ್ನು ಕಾಗದದ ಮೇಲೆ ಒಮ್ಮೆ ನೀವೇ ಬರೆದು ನೋಡಿ, ನನಗೆ ಬಹಳ ಇಷ್ಟವಾದ ಲೆಕ್ಕ ಇದು.

ಪತ್ತೆ ಹಚ್ಚುವುದು ಸುಲಭ. ಬೋರ್ಡಿನಿಂದ 8ರಿಂದ 119ರವರೆಗೆ ಒಂದೊಂದೇ ಸಂಖ್ಯೆ ಕೂಗಿಸಿ ಹಾಜರಿ ತೆಗೆಯಿರಿ. ಜೋಡಿಸಿದ್ದು ಎರಡು ಚಿಪ್, 104ರ ಮುಂದೆ ಮಾತ್ರ ಉತ್ತರ ಬಂದಿದೆ ಎಂದರೆ ತಂತಿಗಳೆಲ್ಲ ಸರಿಯಾಗಿದ್ದರೆ ಒಂದೇ ಹೆಸರಿನ ಇಬ್ಬರು ಕೂತಿದ್ದಾರೆ ಎಂದೇ ಅರ್ಥ.

ಎಂಪಿಯು6050ರಲ್ಲಿ ಎಡಿ0 ಎಂಬ ಕಾಲೊಂದಿದೆ. ಅದನ್ನು 3.3 ವೋಲ್ಟಿಗೆ ಜೋಡಿಸಿದರೆ ಕೊನೆಯ ಸೊನ್ನೆ ಒಂದಾಗಿ, ಅದರ ಸಂಖ್ಯೆ 105 ಆಗುತ್ತದೆ. ಅಡ್ಡಹೆಸರು ಸಿಕ್ಕಿತು! ಮತ್ತೆ ಹಾಜರಿ ತೆಗೆಯಿರಿ: 104, ಹಾಜರ್. 105, ಹಾಜರ್. ಇನ್ನು ಸಾಧನವನ್ನು ತಮ್ಮನ ಕೈಗೆ ಸಿಗದಂತೆ ತೊಟ್ಟಿಲ ಅಡಿಗೆ ಕಟ್ಟಿ, ಅವನು ಏಳುವವರೆಗೆ ಸದ್ದು ಮಾಡದೆ ಕಾಯಿರಿ.