ಭಾವಚಿತ್ರವೂ ಸತ್ಯನಿಷ್ಠೆಯೂ: ಚಿತ್ರಗುರು ಥಾಮಸ್ ಏಕಿನ್ಸನ ಚರಿತ್ರೆ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ನಿಮಿತ್ತವಾಗಿ ಲಿಂಗೈಕ್ಯ ಹಿರಿಯ ಶ್ರೀಗಳವರ ತೈಲಚಿತ್ರವೊಂದು ಸಿದ್ಧವಾಗಿರುವುದನ್ನು ತಾವೆಲ್ಲರೂ ನೋಡಿದ್ದೀರಿ. ನೋಡಿದವರಲ್ಲಿ ಹಲವರು, “ಶ್ರೀಗಳವರ ಮುಖದ ಸುಕ್ಕುಗಳನ್ನು ಇಷ್ಟು ಕಾಣಿಸಬೇಕಾಗಿತ್ತೆ? ಕೆನ್ನೆಯನ್ನು ತುಂಬಿಸಿ, ಮೈಬಣ್ಣವನ್ನು ತುಸು ತಿಳಿಮಾಡಿ ಬರೆದಿದ್ದರೆ ಆಗುತ್ತಿರಲಿಲ್ಲವೆ?” ಎಂದು ಕೇಳಿದರು. ಮರೆಮಾಚುವುದೇಕೆ? ಮೊದಲು ಹಾಗೆ ಅಂದವರಲ್ಲಿ ನಾನೂ ಒಬ್ಬನು. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದ ನನಗೆ ಬಣ್ಣ ಕುಂಚಗಳ ಶಾಸ್ತ್ರವು ತಿಳಿಯದು. ಆ ಮೇಲೆ ಅಮೇರಿಕಾ ದೇಶದ ಒಬ್ಬ ಚಿತ್ರಕಾರನ ಚರಿತ್ರೆಯನ್ನು ಓದಿದೆನು. ಓದಿದ ಬಳಿಕ ನನ್ನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಚರಿತ್ರೆಯೇ ಇಂದಿನ ವಿಷಯ.

ಥಾಮಸ್ ಏಕಿನ್ಸನು 1844ನೆಯ ಇಸವಿ ಜುಲೈ 25ರಂದು ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದನು. ತಂದೆ ಬೆಂಜಮಿನ್ ಸುಂದರವಾದ ಬರವಣಿಗೆಯನ್ನು ಕಲಿಸುವ ಉಪಾಧ್ಯಾಯನು. ಚರ್ಮಪಟಗಳ ಮೇಲೆ ಪ್ರಶಸ್ತಿಪತ್ರಗಳನ್ನು ಬರೆದುಕೊಡುವುದೂ ಆತನ ವೃತ್ತಿಯಾಗಿತ್ತು. ಒಂದು ಗೆರೆಯೂ ಅಳತೆ ತಪ್ಪದಂತೆ ಬರೆಯುವ ಶಿಸ್ತನ್ನು ಮಗನು ಮನೆಯಲ್ಲಿಯೇ ಕಲಿತನು. ಬಳಿಕ ಆ ನಗರದ ಪೆನ್ಸಿಲ್ವೇನಿಯಾ ಲಲಿತಕಲಾ ಅಕಾಡೆಮಿಯಲ್ಲಿ ಚಿತ್ರವಿದ್ಯೆಯನ್ನು ಅಭ್ಯಾಸಮಾಡಿದನು. ಹೊರಗಣ ರೂಪವನ್ನು ಬರೆಯಬೇಕಾದರೆ ಒಳಗಣ ರಚನೆಯನ್ನು ಅರಿಯಬೇಕೆಂದು ಬಗೆದು, ಜೆಫರ್ಸನ್ ವೈದ್ಯಕೀಯ ಕಾಲೇಜಿಗೆ ಹೋಗಿ ಅಂಗರಚನಾಶಾಸ್ತ್ರದ ಪಾಠಗಳನ್ನೂ ಕೇಳಿದನು. 1866ರಲ್ಲಿ ಪ್ಯಾರಿಸ್ಸಿಗೆ ತೆರಳಿ ಜೆರೋಮ್ ಎಂಬ ಪ್ರಸಿದ್ಧ ಚಿತ್ರಗುರುವಿನ ಬಳಿ ಶಿಷ್ಯವೃತ್ತಿ ಮಾಡಿದನು. ಸ್ಪೇನ್ ದೇಶದಲ್ಲಿ ವೆಲಾಸ್ಕೆಸನ ಭಾವಚಿತ್ರಗಳನ್ನು ಕಂಡು ತನ್ನ ದಾರಿಯನ್ನು ನಿಶ್ಚಯಿಸಿಕೊಂಡನು. 1870ರಲ್ಲಿ ಊರಿಗೆ ಹಿಂದಿರುಗಿದವನು ಉಳಿದ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆದನು.

1875ರಲ್ಲಿ ಆತನು ‘ಗ್ರಾಸ್ ಕ್ಲಿನಿಕ್’ ಎಂಬ ಮಹಾಚಿತ್ರವನ್ನು ಬರೆದನು. ಎಂಟು ಅಡಿ ಎತ್ತರದ ಪಟ. ಎಪ್ಪತ್ತು ವಯಸ್ಸಿನ ಶಸ್ತ್ರವೈದ್ಯ ಸ್ಯಾಮುಯೆಲ್ ಗ್ರಾಸ್ ಮಹಾಶಯನು ರೋಗಿಯ ತೊಡೆಯ ಮೂಳೆಯ ಕೆಟ್ಟ ಭಾಗವನ್ನು ತೆಗೆಯುತ್ತ, ಅರೆಕ್ಷಣ ತಡೆದು, ಸುತ್ತ ಕುಳಿತ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದಾನೆ. ಬೆಳಕು ಆ ವೃದ್ಧನ ಹಣೆಯ ಮೇಲೆ ಬಿದ್ದಿದೆ. ಶಸ್ತ್ರ ಹಿಡಿದ ಕೈಯಲ್ಲಿ ರಕ್ತವಿದೆ. ಒಂದು ಪಕ್ಕದಲ್ಲಿ ಹೆಂಗಸೊಬ್ಬಳು ನೋಡಲಾರದೆ ಮುಖ ಮುಚ್ಚಿಕೊಂಡಿದ್ದಾಳೆ. ಚಿತ್ರದ ಅಂಚಿನಲ್ಲಿ, ಪ್ರೇಕ್ಷಕರ ನಡುವೆ, ಬರೆದುಕೊಳ್ಳುತ್ತಿರುವ ಏಕಿನ್ಸನೂ ಇದ್ದಾನೆ. ಮರುವರ್ಷ ಆ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಕಲಾಭವನದವರು ಈ ಚಿತ್ರಕ್ಕೆ ಸ್ಥಾನ ಕೊಡಲಿಲ್ಲ. ರಕ್ತವು ಕಣ್ಣಿಗೆ ಹೇಸಿಗೆಯೆಂದು ಜನರು ಹಳಿದರು. ಅದನ್ನು ಸೈನ್ಯದ ಆಸ್ಪತ್ರೆಯ ಮಾದರಿಯಾಗಿ ಕಟ್ಟಿದ ಕಟ್ಟಡದಲ್ಲಿ, ಮಂಚಗಳ ನಡುವೆ ತೂಗಹಾಕಲಾಯಿತು. 1878ರಲ್ಲಿ ಜೆಫರ್ಸನ್ ಕಾಲೇಜಿನವರು ಕೊಟ್ಟ ಬೆಲೆ 200 ಡಾಲರು.

ಈತನ ಗುರುತನದ ಕಥೆಯು ಇನ್ನೂ ಮನನೀಯವಾದುದು. 1876ರಿಂದ ತಾನು ಕಲಿತ ಅಕಾಡೆಮಿಯಲ್ಲಿಯೇ ಪಾಠ ಹೇಳತೊಡಗಿ, 1882ರಲ್ಲಿ ಅದರ ನಿರ್ದೇಶಕನಾದನು. ವಿದ್ಯಾರ್ಥಿಗಳು ಗಚ್ಚಿನ ಬೊಂಬೆಗಳನ್ನು ನೋಡಿ ವರ್ಷಗಟ್ಟಲೆ ಗೆರೆ ಎಳೆಯುವ ಹಳೆಯ ಪದ್ಧತಿಯನ್ನು ಬಿಡಿಸಿ, ಬೇಗನೆ ಕೈಗೆ ಕುಂಚವನ್ನು ಕೊಟ್ಟು, ಜೀವಂತ ಮನುಷ್ಯನನ್ನು ಎದುರಿಗೆ ನಿಲ್ಲಿಸಿದನು. ಶವಚ್ಛೇದನದಿಂದ ಸ್ನಾಯು ಎಲುಬುಗಳ ಜ್ಞಾನವನ್ನು ಮಾಡಿಸಿದನು. ದೂರ ಸಮೀಪಗಳ ಗಣಿತವನ್ನು ಕಲಿಸಿದನು. ಸ್ತ್ರೀಯರಿಗೂ ಈ ವಿದ್ಯೆಯನ್ನೇ ಹೇಳಿದನು. ಆತನ ಪತ್ನಿ ಸೂಸನ್ ಮೊದಲು ಆತನ ಶಿಷ್ಯೆಯೇ. ನೀಗ್ರೋ ಜನಾಂಗದವರಿಗೆ ಎಲ್ಲೆಡೆಯೂ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಹೆನ್ರಿ ಟ್ಯಾನರ್ ಎಂಬ ಆ ಜನಾಂಗದ ಯುವಕನು ಈತನ ಬಳಿ ಕಲಿತು, ಮುಂದೆ ಅಟ್ಲಾಂಟಿಕ್ ಸಮುದ್ರದ ಎರಡು ದಡಗಳಲ್ಲಿಯೂ ಕೀರ್ತಿ ಪಡೆದನು. ಆ ಶಿಷ್ಯನ ಭಾವಚಿತ್ರವನ್ನು ಗುರುವೇ ಬರೆದನು.

ಆದರೆ ಗುರುವಿಗೆ ವಿವೇಕದ ಎಚ್ಚರವೂ ಬೇಕು. 1886ರಲ್ಲಿ ವಿದ್ಯಾರ್ಥಿನಿಯರಿದ್ದ ತರಗತಿಯಲ್ಲಿ, ಅಂಗರಚನೆಯನ್ನು ತೋರಿಸುವುದಕ್ಕಾಗಿ, ಎದುರಿಗೆ ನಿಂತಿದ್ದ ಪುರುಷನ ಸೊಂಟದ ವಸ್ತ್ರವನ್ನು ಏಕಿನ್ಸನು ತೆಗೆಸಿದನು. ಇದು ದೊಡ್ಡ ಅಪವಾದವಾಗಿ, ಅಕಾಡೆಮಿಯವರು ಆತನಿಂದ ರಾಜೀನಾಮೆಯನ್ನು ಪಡೆದರು. ಆತನ ನಡವಳಿಕೆಯ ಮೇಲೆ ಬೇರೆ ಆಕ್ಷೇಪಗಳೂ ಬಂದವು. ಅವನ್ನು ಕುರಿತು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಆತನಲ್ಲಿ ದೋಷವೇ ಇರಲಿಲ್ಲವೆಂದು ನಾನು ಹೇಳಲಾರೆನು. ಸತ್ಯವನ್ನು ಬರೆದವನ ಚರಿತ್ರೆಯನ್ನು ಬಣ್ಣ ಹಚ್ಚಿ ಹೇಳುವುದು ಆತನಿಗೇ ಅಪಚಾರವಾದೀತು. ಶಿಷ್ಯರಲ್ಲಿ ಅನೇಕರು ಮಾತ್ರ ಗುರುವನ್ನು ಬಿಡಲಿಲ್ಲ. ಅಕಾಡೆಮಿಯಿಂದ ಹೊರಬಂದು ತಾವೇ ಒಂದು ವಿದ್ಯಾರ್ಥಿಸಂಘವನ್ನು ಕಟ್ಟಿದರು. ಅಲ್ಲಿ ಆತನು ಕೆಲವು ವರ್ಷ ಸಂಬಳವಿಲ್ಲದೆ ಪಾಠ ಹೇಳಿದನು.

ಅಲ್ಲಿಂದ ಮುಂದೆ ಏಕಿನ್ಸನು ಹೆಚ್ಚಾಗಿ ಭಾವಚಿತ್ರಗಳನ್ನೇ ಬರೆದನು. ಹಣಕ್ಕಾಗಿ ಬರೆದವು ಕಡಿಮೆ. ತಾನು ಗೌರವಿಸಿದವರನ್ನು ತಾನೇ ಕರೆದು ಕೂರಿಸಿ, ಬರೆದು, ಅವರಿಗೇ ಕಾಣಿಕೆಯಾಗಿ ಕೊಟ್ಟವು ಹೆಚ್ಚು. ವಿಚಿತ್ರವೆಂದರೆ, ಆ ಕಾಣಿಕೆಯನ್ನೂ ಎಷ್ಟೋ ಜನ ಸಂತೋಷದಿಂದ ಸ್ವೀಕರಿಸಲಿಲ್ಲ. ಬಾಡಿದ ಕಣ್ಣು, ಇಳಿಬಿದ್ದ ಭುಜ, ವಯಸ್ಸಿನ ದಣಿವು, ಇವನ್ನು ಆತನು ಬಿಡದೆ ಬರೆಯುತ್ತಿದ್ದನು. ಇದಕ್ಕೆ ಹೊರತಾದವನು ವೃದ್ಧಕವಿ ವಾಲ್ಟ್ ವ್ಹಿಟ್ಮನ್. 1887 ಮತ್ತು 88ರಲ್ಲಿ ಬರೆದ ತನ್ನ ಚಿತ್ರವನ್ನು ಆತನು ಬಹಳವಾಗಿ ಮೆಚ್ಚಿದನು. ಇರಬೇಕಾದುದನ್ನು ಕಾಣುವ ಆಸೆಯನ್ನು ತಡೆದುಕೊಂಡು ಇರುವುದನ್ನೇ ಕಾಣಬಲ್ಲ ಚಿತ್ರಕಾರನು ಇವನೊಬ್ಬನೇ ಎಂಬುದು ಆ ಕವಿಯ ಅಭಿಪ್ರಾಯ.

ನಮ್ಮಂಥ ಮಠದವರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಏಕಿನ್ಸನು ದೈವಶ್ರದ್ಧೆಯುಳ್ಳವನಲ್ಲ. ಆದರೂ ಇಳಿವಯಸ್ಸಿನಲ್ಲಿ ಭಾನುವಾರಗಳಂದು, ತನ್ನ ಶಿಷ್ಯ ಸ್ಯಾಮುಯೆಲ್ ಮರೆಯೊಡನೆ ಬೈಸಿಕಲ್ ಹತ್ತಿ, ನಗರದಾಚೆಯ ಕ್ಯಾಥೊಲಿಕ್ ಗುರುಕುಲಕ್ಕೆ ಹೋಗಿ ಅಲ್ಲಿಯ ಪಾದ್ರಿಗಳ ಸಹವಾಸದಲ್ಲಿ ಸಮಯ ಕಳೆಯುತ್ತಿದ್ದನು. ಆ ಧರ್ಮಗುರುಗಳಲ್ಲಿ ಹಲವರ ಚಿತ್ರಗಳನ್ನು ಬರೆದನು. 1903ರಲ್ಲಿ ಬರೆದ ಆರ್ಚ್‌ಬಿಷಪ್ ಎಲ್ಡರರ ಚಿತ್ರವು ಅವುಗಳಲ್ಲಿ ಪ್ರಸಿದ್ಧವಾದುದು. ಎಂಬತ್ತನಾಲ್ಕು ವಯಸ್ಸಿನ ಆ ಗುರುವಿನ ಮುಖದಲ್ಲಿ ಮುಪ್ಪನ್ನು ಮುಚ್ಚಿಲ್ಲ. ಪದವಿಯ ಉಡುಪಿಗಿಂತ ಆ ಮುಪ್ಪಿನ ಮುಖವೇ ನಮ್ಮ ಕಣ್ಣನ್ನು ಹಿಡಿಯುತ್ತದೆ. ಶ್ರದ್ಧೆಯಿಲ್ಲದವನ ಕುಂಚವು ಶ್ರದ್ಧಾವಂತನಿಗೆ ಸಲ್ಲಿಸಿದ ಗೌರವವಿದು. ಹೊಗಳಿಕೆಯಿಂದ ಇಷ್ಟು ಗೌರವವು ಬಾರದು. ಈ ಚಿತ್ರಕ್ಕೆ 1904ರಲ್ಲಿ ಚಿನ್ನದ ಪದಕವನ್ನು ಕೊಟ್ಟವರು, ಹಿಂದೆ ಆತನನ್ನು ಹೊರಗೆ ಕಳುಹಿಸಿದ ಅಕಾಡೆಮಿಯವರೇ! ಏಕಿನ್ಸನು ಅದನ್ನು ತೆಗೆದುಕೊಂಡು ಹೋಗಿ ಟಂಕಸಾಲೆಯಲ್ಲಿ ಹಣಕ್ಕೆ ಮಾರಿಬಿಟ್ಟನು.

1916ನೆಯ ಇಸವಿ ಜೂನ್ 25ರಂದು ಆತನು ತೀರಿಕೊಂಡನು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಆತನ ಸ್ಮಾರಕ ಪ್ರದರ್ಶನವು ನಡೆಯಿತು. 2006ರಲ್ಲಿ ‘ಗ್ರಾಸ್ ಕ್ಲಿನಿಕ್’ ಚಿತ್ರವನ್ನು 6 ಕೋಟಿ 80 ಲಕ್ಷ ಡಾಲರಿಗೆ ಹೊರಗಿನವರಿಗೆ ಮಾರುವ ಸುದ್ದಿ ಹಬ್ಬಿದಾಗ, ಫಿಲಡೆಲ್ಫಿಯಾದ ಜನರು ಚಂದಾ ಎತ್ತಿ ಅದನ್ನು ಊರಿನಲ್ಲಿಯೇ ಉಳಿಸಿಕೊಂಡರು. ಕೊಂಡುಕೊಂಡ ಎರಡು ಸಂಸ್ಥೆಗಳಲ್ಲಿ ಒಂದು ಅದೇ ಅಕಾಡೆಮಿ. ಅದರ ಹಣಕ್ಕಾಗಿ ತನ್ನಲ್ಲಿದ್ದ ಏಕಿನ್ಸನ ಇನ್ನೊಂದು ಚಿತ್ರವನ್ನು ಅದು ಮಾರಬೇಕಾಯಿತು. ಅಂದು ಜನರು ಹೇಸಿದ್ದ ರಕ್ತವು ಆ ಪಟದಲ್ಲಿ ಇಂದೂ ಹಾಗೆಯೇ ಇದೆ. ನೋಡುವವರ ಕಣ್ಣು ಮಾತ್ರ ಬದಲಾಯಿತು.

ಶರಣಬಂಧುಗಳೇ, ಈಗ ಹಿರಿಯ ಶ್ರೀಗಳವರ ಚಿತ್ರವನ್ನು ಇನ್ನೊಮ್ಮೆ ನೋಡೋಣ. ಆ ಸುಕ್ಕುಗಳು ಎಲ್ಲಿಂದ ಬಂದವು? ದಾಸೋಹದ ಕಾಳಿಗಾಗಿ, ಬಡಮಕ್ಕಳ ಓದಿಗಾಗಿ ಊರೂರು ತಿರುಗಿದ ಬಿಸಿಲಿನಿಂದ ಬಂದವು. ಅವನ್ನು ಅಳಿಸಿದರೆ ಆ ಸೇವೆಯನ್ನೇ ಅಳಿಸಿದಂತಾಗುವುದು. ಚಿತ್ರಕಾರರು ನಮಗೆ ನಾವು ಬಯಸಿದ ಮುಖವನ್ನು ಕೊಡಲಿಲ್ಲ. ನಮ್ಮನ್ನು ಸಾಕಿದ ಮುಖವನ್ನು ಕೊಟ್ಟರು. ಆದುದರಿಂದ ಪಟವನ್ನು ತಿದ್ದಿಸಬೇಕೆಂಬ ವಿಚಾರವನ್ನು ಕೈಬಿಡಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇನೆ. ಪಾಠಶಾಲೆಯ ವಿದ್ಯಾರ್ಥಿಗಳಿಗೂ ಒಂದು ಮಾತು: ಯಾವ ವಿದ್ಯೆಯನ್ನೇ ಕಲಿಯಿರಿ, ಇದ್ದುದನ್ನು ಇದ್ದಂತೆ ಕಾಣುವ ಕಣ್ಣನ್ನು ಮೊದಲು ಸಂಪಾದಿಸಿರಿ.