ನಿದ್ರೆಯ ಗುಳಿಗೆ

ಶಿಡ್ಲಘಟ್ಟ, ಚಿಂತಾಮಣಿಗಳ ಕಡೆ ರೇಷ್ಮೆಯ ಹುಳುವು ಗೂಡು ಕಟ್ಟುವ ಮುನ್ನ ನಾಲ್ಕು ಬಾರಿ ಮೇವು ಬಿಟ್ಟು ಅಲುಗದೆ ಮಲಗುತ್ತದೆ. ಇದನ್ನು ಸಾಕುವವರು ಜ್ವರವೆನ್ನುತ್ತಾರೆ. ಆಗ ಅದನ್ನು ಯಾರೂ ಕೆದಕುವುದಿಲ್ಲ. ಹುಳುವಿನ ನಿದ್ರೆಗೆ ಇಷ್ಟು ಮರ್ಯಾದೆ ಕೊಡುವ ನಾವು ನಮ್ಮ ನಿದ್ರೆಯನ್ನು ಮಾತ್ರ ಅಂಗಡಿಯಿಂದ ಕೊಂಡುತರಲು ಹವಣಿಸುತ್ತೇವೆ.

ನಿದ್ರಾಜನಕ ಔಷಧಗಳು ಹೊಸವಲ್ಲ. 1832ರಲ್ಲಿ ಲೀಬಿಗನು ತಯಾರಿಸಿದ ಕ್ಲೋರಲನ್ನು 1869ರಲ್ಲಿ ಲೀಬ್ರೈಖನು ನಿದ್ರೆಗೆ ಬಳಸಿ ತೋರಿಸಿದನು. 1903ರಲ್ಲಿ ಬಾರ್ಬಿಟಾಲ್ ಬಂದಿತು; 1963ರಲ್ಲಿ ಡಯಾಜೆಪಾಮ್. ಹಿಂದಿನದಕ್ಕಿಂತ ಮೇಲೆಂಬ ಹೆಸರಿನಿಂದ ಬಂದ ಔಷಧವೂ ಕಡೆಗೆ ತನ್ನ ಚಟವನ್ನು ಅಂಟಿಸದೆ ಬಿಡಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ನಮಗೆ ಪರಿಚಿತರಾದ ವೃದ್ಧರೊಬ್ಬರಿದ್ದರು. ಹೆಂಡತಿ ತೀರಿಕೊಂಡಾಗ ವೈದ್ಯರು ಅವರಿಗೆ ಹದಿನೈದು ದಿನಗಳ ಮಟ್ಟಿಗೆ ಗುಳಿಗೆ ಬರೆದುಕೊಟ್ಟರು. ದಿನಗಳು ಮುಗಿದುವು, ಗುಳಿಗೆ ಮುಗಿಯಲಿಲ್ಲ. ವರ್ಷಗಳು ಕಳೆದಂತೆ ಒಂದು ಎರಡಾಯಿತು, ಎರಡು ಮೂರಾಯಿತು. ಒಂದು ರಾತ್ರಿ ಮಂಪರಿನಲ್ಲಿ ಎದ್ದವರು ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮಕ್ಕಳು ಸಿಟ್ಟಾಗಿ ಗುಳಿಗೆಗಳನ್ನೆಲ್ಲ ಎಸೆದುಬಿಟ್ಟರು. ಮೂರನೆಯ ದಿನ ವೃದ್ಧರಿಗೆ ಮೈನಡುಕ, ಭ್ರಾಂತಿ, ಕೊನೆಗೆ ಸೆಳವು ಬಂದಿತು. ಮಕ್ಕಳ ಉದ್ದೇಶ ಒಳ್ಳೆಯದೇ. ಆದರೆ ಅವರು ಅರಿಯದ ಸಂಗತಿಯೊಂದಿತ್ತು.

ಈ ಗುಳಿಗೆಗಳು ಮಿದುಳನ್ನು ಶಾಂತಗೊಳಿಸುವ ಸಹಜ ದ್ರವ್ಯದ ಬಲವನ್ನು ಹೆಚ್ಚಿಸುತ್ತವೆ. ಬಹುಕಾಲ ಸೇವಿಸಿದರೆ ಮಿದುಳು ಆ ನೆರವಿಗೆ ಒಗ್ಗಿಕೊಳ್ಳುತ್ತದೆ. ಅದನ್ನು ಥಟ್ಟನೆ ಕಿತ್ತುಕೊಂಡರೆ ಕಡಿವಾಣ ತಪ್ಪಿದ ಕುದುರೆಯಂತಾಗುತ್ತದೆ. ಹೀಗೆ ಮನಬಂದಂತೆ ನುಂಗುವುದೂ ಅಪಾಯ, ಮನಬಂದಂತೆ ನಿಲ್ಲಿಸುವುದೂ ಅಪಾಯ. ಮದ್ಯದೊಡನೆ ಸೇರಿದರಂತೂ ಉಸಿರೇ ನಿಂತುಹೋಗಬಹುದು.

ಗುಳಿಗೆಯನ್ನು ಕಣ್ಣಿನಿಂದ ಕಾಣದೆಯೇ ಅದಕ್ಕೆ ದಾಸರಾದವರೂ ಉಂಟು. ಗೌರಿಬಿದನೂರಿನಾಚೆಗೆ ತೆಲುಗು ಸೀಮೆ. ಆ ನುಡಿಯ ತೆಲಂಗಾಣದಲ್ಲಿ ಸೇಂದಿಗೆ ಮತ್ತು ಹೆಚ್ಚಲೆಂದು ಕ್ಲೋರಲ್, ಡಯಾಜೆಪಾಮ್, ಅಲ್ಪ್ರಜೋಲಾಮ್‌ಗಳನ್ನು ಕಲಸಿ ಮಾರುತ್ತಿದ್ದರು. 2015ರಲ್ಲಿ ಸರಕಾರವು ಇದನ್ನು ಬಿಗಿಯಾಗಿ ತಡೆದಾಗ, ನಿತ್ಯ ಕುಡಿಯುತ್ತಿದ್ದ ಕೂಲಿಕಾರರು ಸೆಳವು, ಭ್ರಾಂತಿಗಳಿಂದ ಆಸ್ಪತ್ರೆಗಳನ್ನು ಸೇರಿದರು. ತಾವು ಕುಡಿದುದು ಬರಿಯ ಸೇಂದಿಯೆಂದೇ ಅವರಲ್ಲಿ ಎಷ್ಟೋ ಮಂದಿ ನಂಬಿದ್ದರು.

ಕಾನೂನು ಸುಮ್ಮನಿಲ್ಲ. 2014ರಿಂದ ಇಂಥ ಗುಳಿಗೆ ಮಾರುವ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರುಗಳನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಆದರೆ ನೆರೆಮನೆಯವರು ತಮ್ಮ ಡಬ್ಬಿಯಿಂದ ಪ್ರೀತಿಯಿಂದ ತೆಗೆದುಕೊಡುವ ಗುಳಿಗೆಗೆ ಯಾವ ಪುಸ್ತಕವಿದೆ? ಅಲ್ಲಿ ನಮ್ಮ ವಿವೇಕವೇ ಕಾವಲು.

ನಿದ್ರೆ ಬಾರದಿರುವುದು ಬಹುಮಟ್ಟಿಗೆ ಬೇರೊಂದು ದುಃಖದ ಸೂಚನೆ. ಆ ವೃದ್ಧರಿಗೆ ಬೇಕಾಗಿದ್ದುದು ಸಂಜೆಯ ಹೊತ್ತು ಪಕ್ಕದಲ್ಲಿ ಕುಳಿತು ಮಾತನಾಡುವ ಒಂದು ಜೀವ. ಈಗಾಗಲೇ ಗುಳಿಗೆಗೆ ಒಗ್ಗಿದವರು ನಾಚಬೇಕಾಗಿಲ್ಲ. ವೈದ್ಯರ ಕಣ್ಣಿನೆದುರಿಗೆ ಸ್ವಲ್ಪಸ್ವಲ್ಪವಾಗಿ ಅಳತೆಯನ್ನು ಇಳಿಸಿಕೊಳ್ಳಬಹುದು. ಮನಸ್ಸಿನ ಕಷ್ಟವನ್ನು ಹೇಳಿಕೊಳ್ಳಲು 14416 ಎಂಬ ಸರಕಾರದ ದೂರವಾಣಿಯಿದೆ. ಮನೆಯ ಹಿರಿಯರ ದಿಂಬಿನ ಬಳಿ ಇಂಥ ಡಬ್ಬಿ ಕಂಡರೆ ಎಸೆಯುವುದು ಬೇಡ, ಗದರಿಸುವುದೂ ಬೇಡ. ಅವರ ಪಕ್ಕದಲ್ಲಿ ಕುಳಿತು, ಏಕೆ ನಿದ್ರೆ ಬರುತ್ತಿಲ್ಲವೆಂದು ಮೊದಲು ಕೇಳೋಣ.