ಒಲೆಯ ಹೊಗೆ ಮತ್ತು ಹೃದಯ

(ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ನೀಡಿದ ಉಪನ್ಯಾಸ)



ಹೊಗೆ ಎಂದರೆ ಕೆಮ್ಮು, ದಮ್ಮು, ಕಣ್ಣುರಿ ಎಂದಷ್ಟೇ ನಾವು ತಿಳಿದಿದ್ದೇವೆ. ಹೃದಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು. ಎದೆನೋವಿನಿಂದ ಬಂದವರನ್ನು ನಾವು ವೈದ್ಯರು ಸಹ "ಬೀಡಿ, ಸಿಗರೇಟು ಸೇದುತ್ತೀರಾ?" ಎಂದು ಕೇಳುತ್ತೇವೆ. "ಇಲ್ರೀ" ಎಂದರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ. ಇದು ನಮ್ಮ ತಪ್ಪು. ಮೂವತ್ತು ವರ್ಷ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದ ತಾಯಿ ಒಂದು ಬೀಡಿಯನ್ನೂ ಮುಟ್ಟಿರುವುದಿಲ್ಲ. ಆದರೂ ಕುಳ್ಳು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಹೊಗೆಯನ್ನು ಅಷ್ಟೂ ವರ್ಷ ಕುಡಿದಿರುತ್ತಾಳೆ.

ಗೋಡೆಗೆ ಹತ್ತಿದ ಮಸಿ ನಿಮಗೆ ಕಾಣುತ್ತದೆ. ಅದಕ್ಕಿಂತ ಅಪಾಯಕಾರಿಯಾದವು ಕಾಣದ ಕಣಗಳು. ಅವುಗಳ ಅಳತೆ 2.5 ಮೈಕ್ರಾನಿಗಿಂತ ಕಡಿಮೆ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಈ ಸೂಕ್ಷ್ಮ ಕಣಗಳು ಮಾತ್ರ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತವೆ. ಅತಿ ಸಣ್ಣವು ರಕ್ತವನ್ನೂ ಸೇರುತ್ತವೆ. ಇದರಿಂದ ದೇಹದಲ್ಲಿ ಉರಿಯೂತ ಉಂಟಾಗಿ ರಕ್ತನಾಳದ ಒಳಪದರ ಕೆಡುತ್ತದೆ, ಅಲ್ಲಿ ಕೊಬ್ಬು ಬೇಗ ಕೂಡುತ್ತದೆ. ಬಿ.ಪಿ. ಏರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವ ಪಡೆಯುತ್ತದೆ. ಇದು ಒಂದು ದಿನದ ಕೆಲಸವಲ್ಲ. ಗಡಸು ನೀರಿನ ಪೈಪಿನೊಳಗೆ ಸುಣ್ಣ ಕಟ್ಟಿದ ಹಾಗೆ, ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ.

ಅಮೆರಿಕದ 6 ನಗರಗಳಲ್ಲಿ 8 ಸಾವಿರಕ್ಕೂ ಹೆಚ್ಚು ಜನರನ್ನು 14ರಿಂದ 16 ವರ್ಷ ಗಮನಿಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಧೂಮಪಾನ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಗಾಳಿ ತೀರ ಕೆಟ್ಟಿದ್ದ ಊರಿನಲ್ಲಿ ಸಾವಿನ ಪ್ರಮಾಣ ಶುದ್ಧ ಗಾಳಿಯ ಊರಿಗಿಂತ ಶೇ. 26ರಷ್ಟು ಹೆಚ್ಚಿತ್ತು. ಅದು ಕಾರ್ಖಾನೆ, ವಾಹನಗಳ ಹೊಗೆಯ ಮಾತು. ಮನೆಯೊಳಗಿನ ಅಡುಗೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಹೃದಯದ ಕಾಯಿಲೆಯಿಂದ.

ಈಗ ಬಹಳ ಮನೆಗಳಲ್ಲಿ ಗ್ಯಾಸ್ ಇದೆ. ಆದರೆ ಚಹಾಕ್ಕೆ ಗ್ಯಾಸ್, ರೊಟ್ಟಿಗೆ ಮತ್ತು ಸ್ನಾನದ ನೀರಿಗೆ ಒಲೆ! ಸಿಲಿಂಡರಿನ ಬೆಲೆ ನೋಡಿದರೆ ಇದನ್ನು ತಪ್ಪೆನ್ನಲಾರೆ. ಒಲೆಯ ರೊಟ್ಟಿಯ ರುಚಿಯೂ ಬೇರೆ, ಒಪ್ಪುತ್ತೇನೆ. ಒಲೆ ಬೇಕೇ ಬೇಕೆಂದರೆ ಹೊಗೆಗೊಳವೆ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಇಂಥದೇ. ನೀರೊಲೆಯನ್ನು ಅಂಗಳಕ್ಕೆ ಹಾಕಿರಿ. ಕಟ್ಟಿಗೆ ಚೆನ್ನಾಗಿ ಒಣಗಿರಲಿ. ಪ್ಲಾಸ್ಟಿಕ್ ಹಾಳೆಯಿಂದ ಒಲೆ ಹೊತ್ತಿಸಬೇಡಿರಿ. ಸೆರಗು ಮೂಗಿಗೆ ಹಿಡಿದರೆ ಸೂಕ್ಷ್ಮ ಕಣ ನಿಲ್ಲುವುದಿಲ್ಲ.

ಜೊತೆಗೆ ಬಂದ ಮಕ್ಕಳಿಗೆ, ಸೊಸೆಯಂದಿರಿಗೆ ಒಂದು ಮಾತು. ತಾಯಿಗೆ ಎದೆಭಾರ, ದವಡೆ ಅಥವಾ ತೋಳಿನ ನೋವು, ಕಾರಣವಿಲ್ಲದ ಬೆವರು, ಏದುಸಿರು ಬಂದರೆ "ಗ್ಯಾಸ್ಟ್ರಿಕ್" ಎಂದು ಸೋಡಾ ಕುಡಿಸಿ ಮಲಗಿಸಬೇಡಿರಿ. ತಡಮಾಡದೆ 108ಕ್ಕೆ ಕರೆಮಾಡಿ. ವೈದ್ಯರು ಕೇಳದಿದ್ದರೂ, ಅವರು ಎಷ್ಟು ವರ್ಷ ಒಲೆಯ ಮುಂದೆ ಕುಳಿತಿದ್ದಾರೆ ಎಂಬುದನ್ನು ನೀವೇ ಹೇಳಿ, ಚೀಟಿಯಲ್ಲಿ ಬರೆಸಿರಿ.